ಒದ್ದೆ ಪರದೆಯ ಎರಡು ಬದಿ

ಆದೋನಿಯ ಹತ್ತಿ ಪೇಟೆಯಲ್ಲಿ ಇವತ್ತಿಗೂ ಒಂದು ಕಥೆ ಹೇಳುತ್ತಾರೆ. ಆಸ್ಪರಿ ಕಡೆಯ ಕುರಿಗಾರರ ಹೆಂಗಸು ಈರಮ್ಮ ಸಿನಿಮಾ ನೋಡಲು ಬಂದಳಂತೆ. ಹಿಮದ ಬೆಟ್ಟದಲ್ಲಿ ತನ್ನ ಗಂಡ ಸಾಯುವುದನ್ನು ಪರದೆಯ ಮೇಲೆ ಕಂಡಳಂತೆ. ಕಿರುಚಿಕೊಂಡು ಎದ್ದವಳೇ ಓಡಿಬಂದು ಪರದೆ ಹರಿದಳಂತೆ, ಅವಳ ಕೈಬಳೆಗಳು ತಾವಾಗಿಯೇ ಒಡೆದು ಬಿದ್ದವಂತೆ. ಹೇಳುವವರೆಲ್ಲ ಆ ದಿನ ತಾವು ಮುಂದಿನ ಸಾಲಿನಲ್ಲೇ ಕೂತಿದ್ದೆವೆಂದು ಆಣೆ ಇಡುತ್ತಾರೆ. ಅಷ್ಟು ಜನ ಕೂರಬೇಕಾಗಿದ್ದರೆ ಆ ಮುಂದಿನ ಸಾಲು ಆದೋನಿಯಿಂದ ನಂದವರಂವರೆಗೆ ಇರಬೇಕಿತ್ತು.

ನಾನು ಇದನ್ನು ಒಪ್ಪುವುದಿಲ್ಲ. ಮುಂದಿನ ಸಾಲಿನ ಮಾತಿರಲಿ, ಹೆಂಗಸರು ಪರದೆಯ ಈಚೆ ಬದಿಗೇ ಕೂರುತ್ತಿರಲಿಲ್ಲ. ಆ ಚಿತ್ರದಲ್ಲಿ ಯಾರೂ ಸಾಯುವುದು ಕಾಣಿಸುವುದಿಲ್ಲ. ಪರದೆ ಹರಿದಿದ್ದದ್ದು ನಿಜ, ಆದರೆ ಅದು ಮೊದಲೇ ಗೋಡೆಯ ಮೊಳೆಗೆ ಸಿಕ್ಕಿ ಹರಿದದ್ದು. ಹೊಲಿಗೆ ಹಾಕಿದವನು ನಾನು. ಇನ್ನು ಬಳೆ. ಬಳೆ ತಾವಾಗಿ ಒಡೆಯುವುದಿಲ್ಲ. ಒಡೆಯಲಿ ಎಂದು ಯಾರಿಗಾದರೂ ಆಸೆ ಇರಬೇಕಾಗುತ್ತದೆ.

ಪರದೆಯ ಪಕ್ಕ ಉದ್ದನೆಯ ಬಿದಿರು ಕೋಲು ಹಿಡಿದು ನಿಂತು, ಮೂಕಿಚಿತ್ರದಲ್ಲಿ ಆಗುತ್ತಿರುವುದನ್ನು ಜನರಿಗೆ ಕೂಗಿ ಹೇಳುವುದು ಒಂಬತ್ತು ವರ್ಷ ನನ್ನ ಹೊಟ್ಟೆಪಾಡಾಗಿತ್ತು. ನನಗೀಗ ಮೂವತ್ತೆರಡು. ಈ ವಯಸ್ಸಿಗೆ ನಿವೃತ್ತ ಎಂದು ಹೇಳಿಕೊಂಡರೆ ಜನ ನಗುತ್ತಾರೆ. ಆದರೆ ಚಿತ್ರಗಳು ತಾವೇ ಮಾತಾಡಲು ಕಲಿತ ಮೇಲೆ ಅವುಗಳ ಪರವಾಗಿ ಮಾತಾಡುತ್ತಿದ್ದವನನ್ನು ಇನ್ನೇನೆಂದು ಕರೆಯಬೇಕು? ಈಗ ಸರ್ಕಾರದ ಮೋಟಾರು ವ್ಯಾನುಗಳು ಬಂದಿವೆ. ಮೈಕು ಹಿಡಿದು ಇಂಗ್ಲಿಷ್ ಚಿತ್ರಗಳನ್ನು ಹಳ್ಳಿಯವರಿಗೆ ವಿವರಿಸಲು ಹೊಸಬರು ಸೇರುತ್ತಿದ್ದಾರೆ. ಇಬ್ಬರು ಮೂವರು ನನ್ನ ಹತ್ತಿರ ಬಂದು ಈ ಕೆಲಸದ ಗುಟ್ಟೇನೆಂದು ಕೇಳಿದ್ದಾರೆ. ಅವರಿಗಾಗಿ ಬರೆಯುತ್ತಿದ್ದೇನೆ. ಆದರೆ ಗುಟ್ಟು ಕಲಿಸುವವನ ಮೇಲೂ ಅವರು ಒಂದು ಕಣ್ಣಿಟ್ಟಿರಬೇಕು.

ಹೈಸ್ಕೂಲಿನಲ್ಲಿ ನಾನು ಚರ್ಚಾಕೂಟದ ಹುಡುಗ. ಹಳ್ಳಿ ಮೇಲೋ ಪಟ್ಟಣ ಮೇಲೋ ಎಂಬ ವಾದದಲ್ಲಿ ಯಾವ ಕಡೆ ನಿಲ್ಲಿಸಿದರೂ ಗೆದ್ದು ಬರುತ್ತಿದ್ದೆ. ನಮ್ಮ ಮೇಷ್ಟರು ಕಲಿಸಿದ ಉಪಾಯ ಒಂದೇ: ಎದುರಿನವನಿಂದ ಸುಳ್ಳೆಂದು ತೋರಿಸಲಾಗದ ಮಾತನ್ನೇ ಆಡು, ನೀನು ಸೋಲುವುದಿಲ್ಲ. ಈ ಬಂಡವಾಳ ಕಂಡು ಟೂರಿಂಗ್ ಸಿನಿಮಾದ ಮಾಲೀಕರಾದ ಖಾದರ್ ಸಾಹೇಬರು ನನ್ನನ್ನು ಇಟ್ಟುಕೊಂಡರು. ಎಲ್ಲದಕ್ಕೂ ವಾದ ಹೂಡುತ್ತೇನೆಂದು ನನ್ನನ್ನು ವಕೀಲ್ ಸಾಬ್ ಎಂದೇ ಕರೆಯುತ್ತಿದ್ದರು.

"ವಕೀಲ್ ಸಾಬ್, ನೀ ಏನರ ಹೇಳು," ಎಂದು ಮೊದಲ ದಿನವೇ ಕಿವಿಯಲ್ಲಿ ಹಾಕಿದರು. "ಆದ್ರ ಪರದೆ ಬಾಜೂಕ ನಿಂತು 'ನಂಗ ಗೊತ್ತಿಲ್ಲ' ಅಂತ ಮಾತ್ರ ಅನ್ನಬ್ಯಾಡ. ಅಂದಿ ಅಂದ್ರ ಜನ ಚಪ್ಪಲಿ ಹಾಕ್ಕೊಂಡು ಎದ್ದು ಹೋಗ್ತಾರ."

ಆ ಮಾತನ್ನು ನಾನು ಚೆನ್ನಾಗಿಯೇ ಪಾಲಿಸಿದೆ. ಒಂದು ರಾಜರಾಣಿಯರ ಚಿತ್ರದಲ್ಲಿ ಕುದುರೆಯ ಹೆಸರೇನೆಂದು ಯಾರೋ ಕೇಳಿದರು, "ಚಾಂದನಿ" ಎಂದೆ. ಮುಂದಿನ ವಾರ ಮಾಧವರಂನಲ್ಲಿ ಮರೆತು ಅದೇ ಕುದುರೆಗೆ "ರಾಜಾ" ಎಂದುಬಿಟ್ಟೆ. ಆದೋನಿಯಲ್ಲಿ ನೋಡಿದ್ದವನೊಬ್ಬ ಅಲ್ಲಿಗೂ ಬಂದಿದ್ದ. "ಮಾಸ್ತರ, ಹೋದ ವಾರ ಇದು ಹೆಣ್ಣು ಕುದುರಿ ಇತ್ತಲ್ಲ!" ಎಂದು ಕೂಗಿದ. "ಇದು ಅದರ ತಮ್ಮ" ಎಂದೆ. ಜನ ನಕ್ಕರು. ನಾನು ಗೆದ್ದೆ ಎಂದುಕೊಂಡೆ. ಹೀಗೆ ಎಷ್ಟು ಕುದುರೆಗಳಿಗೆ ಹೆಸರಿಟ್ಟಿದ್ದೇನೋ ಲೆಕ್ಕವಿಲ್ಲ. ಕುದುರೆಗೆ ಹೆಸರಿಟ್ಟವನ ನಾಲಿಗೆ ಮನುಷ್ಯರ ತನಕ ಬರಲು ಹೆಚ್ಚು ದಿನ ಬೇಕಾಗಲಿಲ್ಲ.

ನಮ್ಮ ಆಟ ನಡೆಯುತ್ತಿದ್ದ ರೀತಿ ಹೇಳಬೇಕು, ಈಗಿನವರು ನೋಡಿಲ್ಲ. ಹತ್ತಿ ಸುಗ್ಗಿ ಮುಗಿದ ಮೇಲೆ ಜಿನ್ನಿಂಗ್ ಮಿಲ್ಲಿನ ಗೋದಾಮು ಖಾಲಿಯಾಗುತ್ತಿತ್ತು. ಅದರ ಕಿಟಕಿಗಳಿಗೆ ಗೋಣಿತಟ್ಟು ಬಡಿದು ಹಗಲಿನಲ್ಲೇ ಆಟ. ಹಳ್ಳಿಯವರು ಹೊತ್ತಿರುವಾಗಲೇ ಬಂಡಿ ಕಟ್ಟಿಕೊಂಡು ಊರು ಸೇರಬೇಕಲ್ಲ. ಪರದೆ ಎಂದರೆ ನಡುವೆ ಕಟ್ಟಿದ ಬಿಳಿಯ ತೆಳು ಬಟ್ಟೆ. ಆಟಕ್ಕೆ ಮುಂಚೆ ಅದಕ್ಕೆ ನೀರು ಚಿಮುಕಿಸಿ ನೆನೆಸುತ್ತಿದ್ದೆವು. ಒದ್ದೆ ಬಟ್ಟೆಯಲ್ಲಿ ಬೆಳಕು ತೂರಿ ಚಿತ್ರ ಹಿಂದಿನ ಬದಿಗೂ ಕಾಣುತ್ತದೆ. ಈಚೆ ಗಂಡಸರು, ಆಚೆ ಹೆಂಗಸರು. ಗಂಡಸರ ಬೆನ್ನ ಹಿಂದೆ ಮಷಿನ್ನು ಇಟ್ಟುಕೊಂಡು ನಮ್ಮ ಆಪರೇಟರ್ ನರಸಿಂಹುಲು ಹಿಡಿಕೆ ತಿರುಗಿಸುತ್ತಿದ್ದ. ನಾನು ಪರದೆಯ ಅಂಚಿನಲ್ಲಿ, ಗಂಡಸರ ಕಡೆ. ನನ್ನ ದನಿ ಮಾತ್ರ ಎರಡೂ ಕಡೆಗೆ.

ಹಿಮಾಲಯದ ಚಿತ್ರ ಬಂದದ್ದು ಯುದ್ಧಕ್ಕೆ ಸ್ವಲ್ಪ ಮುಂಚೆ. ಇಬ್ಬರು ಬಿಳಿ ಸಾಹೇಬರು ಒಂದು ಶಿಖರ ಹತ್ತಲು ಹೋಗಿ ಸತ್ತ ಸಂಗತಿ. ಕಥೆ ಕಟ್ಟಿದ್ದಲ್ಲ, ನಡೆದದ್ದು. ಜೊತೆಗೇ ಹೋಗಿ ಕೆಳಗಿನ ಡೇರೆಯಲ್ಲಿದ್ದ ಮೂರನೆಯ ಸಾಹೇಬನೊಬ್ಬ ತೆಗೆದದ್ದು. ಎರಡು ರೀಲು ಹತ್ತುವುದು. ಮೂರನೆಯ ರೀಲು, ಸತ್ತವರ ಮನೆಗಳು. ಅದರಲ್ಲಿ ಒಬ್ಬ ಸಾಹೇಬನ ತಾಯಿ ಕಿಟಕಿಯ ಹತ್ತಿರ ಕೂತು ಕಾಲುಚೀಲ ಹೆಣೆಯುತ್ತಾಳೆ, ಮಗನ ಖಾಲಿ ಕುರ್ಚಿ ನೋಡುತ್ತಾಳೆ, ಮತ್ತೆ ಹೆಣೆಯುತ್ತಾಳೆ.

ನನಗೆ ಮೊದಲ ಆಟದಲ್ಲೇ ಅನುಮಾನ. ಎರಡನೆಯ ರೀಲಿನಲ್ಲಿ ಒಂದೇ ದಿನದ್ದೆಂದು ತೋರಿಸುವ ಎರಡು ತುಣುಕುಗಳಿವೆ. ಒಬ್ಬ ಸಾಹೇಬನಿಗೆ ಒಂದರಲ್ಲಿ ಗಡ್ಡವಿದೆ, ಇನ್ನೊಂದರಲ್ಲಿ ಇಲ್ಲ.

"ಸಾಹೇಬ್ರ, ಮುಂಜಾನಿ ಗಡ್ಡ ಐತಿ, ಮಧ್ಯಾಹ್ನಕ್ಕ ಗಡ್ಡ ಇಲ್ಲ. ಇವರು ಹಿಂದಿನದು ಮುಂದ, ಮುಂದಿನದು ಹಿಂದ ಅಂಟಿಸ್ಯಾರ," ಎಂದೆ ಮಾಲೀಕರಿಗೆ.

"ಹಿಮದಾಗ ಹಜಾಮ ಇರ್ತಾನೇನು ಅಂತ ಜನ ಕೇಳಿದ್ರ ಹೇಳಾಕ ನೀ ಅದೀ," ಎಂದರು ಅವರು. "ನೀನ ಕೇಳಿದ್ರ ನಾ ಯಾರನ್ನ ಇಟ್ಕೊಳ್ಳಿ?"

ಪರದೆಯ ಆಚೆಯ ಹೆಂಗಸರು ನನಗಿಂತ ಚುರುಕಾಗಿದ್ದರು. "ಎಷ್ಟೊತ್ತಿಂದ ಹೆಣೀತಾಳ, ಆ ಚೀಲ ಒಂದು ಬಟ್ಟೂ ಬೆಳೀಲಿಲ್ಲವಾ!" ಎಂದು ಒಬ್ಬಳು. "ಯಾರೋ ಕುಂದ್ರಿಸಿ ಹೇಳಿಕೊಟ್ಟಾರ," ಎಂದು ಇನ್ನೊಬ್ಬಳು. "ಹೇಳಿಕೊಡ್ಲಿ ಬಿಡವಾ, ಮಗ ಸತ್ತದ್ದೇನು ಸುಳ್ಳಾ?" ಎಂದು ಮತ್ತೊಂದು ಮುದಿ ದನಿ. ಆ ಮೂರನೆಯ ಮಾತನ್ನು ನಾನು ಜೋರಾಗಿ ಮಾತಾಡಿ ಮುಚ್ಚಿಬಿಟ್ಟೆ.

ಈಗ ಮುಖ್ಯವಾದದ್ದು. ಸಾಹೇಬರ ಜೊತೆ ಮೂವರು ಆಳುಗಳೂ ಸತ್ತಿದ್ದರು. ಚಿತ್ರದ ಜೊತೆ ಬಂದ ಇಂಗ್ಲಿಷ್ ಕಾಗದದಲ್ಲಿ ಸಾಹೇಬರ ಹೆಸರು, ಓದಿದ ಶಾಲೆ, ತಂದೆಯ ಹುದ್ದೆ ಎಲ್ಲ ಇತ್ತು. ಆಳುಗಳಿಗೆ "ನಮ್ಮ ಮೂವರು ನಿಷ್ಠಾವಂತರು" ಎಂಬ ಒಂದೇ ಸಾಲು. ಅವರ ಮನೆಗಳನ್ನು ತೋರಿಸಿರಲಿಲ್ಲ. ಎರಡನೆಯ ರೀಲಿನ ಕೊನೆಯಲ್ಲಿ ಮೂವರು ಹೊರೆ ಹೊತ್ತು ಹಿಮದಲ್ಲಿ ಮೇಲಕ್ಕೆ ಹೋಗುತ್ತಾರೆ. ಮೂವರದೂ ಬೆನ್ನು. ಕೊನೆಗೆ ಒಬ್ಬ ನಿಂತು ನಮ್ಮ ಕಡೆ ತಿರುಗುತ್ತಾನೆ. ಮೂಗಿನವರೆಗೆ ಬಟ್ಟೆ ಸುತ್ತಿದೆ, ಕಣ್ಣಿಗೆ ಕಪ್ಪು ಕನ್ನಡಕ. ಒಂದು ಕೈ ಎತ್ತುತ್ತಾನೆ. ಅಷ್ಟಕ್ಕೆ ಕತ್ತಲೆ, ಆಮೇಲೆ ಅಕ್ಷರ. ಕಾಗದದ ಪ್ರಕಾರ ನಾನು ಹೇಳಬೇಕಾದದ್ದು: "ಅವರು ವಿದಾಯ ಹೇಳಿದರು. ಮತ್ತೆ ಯಾರೂ ಅವರನ್ನು ಕಾಣಲಿಲ್ಲ."

ಸತ್ತ ಸಾಹೇಬರಲ್ಲಿ ಒಬ್ಬ ಹಿಂದೆ ಗುಂತಕಲ್ ಸುತ್ತ ಸರ್ವೆ ಕೆಲಸದಲ್ಲಿದ್ದವನು. ಆಸ್ಪರಿಯ ಹತ್ತಿರದ ಹಳ್ಳಿಯ ಬೀರಪ್ಪ ಎಂಬ ಕುರಿಗಾರ ಅವನ ಸಾಮಾನು ಹೊತ್ತು ಬಂಡೆಗಳ ಮೇಲೆ ಮೇಕೆಯ ಹಾಗೆ ಹತ್ತುತ್ತಿದ್ದನಂತೆ. ಸಾಹೇಬ ಅವನನ್ನು ಹಿಮಾಲಯಕ್ಕೂ ಕರೆದುಕೊಂಡು ಹೋಗಿದ್ದ. ಬೀರಪ್ಪ ವಾಪಸು ಬಂದಿರಲಿಲ್ಲ. ಸರ್ವೆ ಕಚೇರಿಯಿಂದ ಒಂದು ಇಂಗ್ಲಿಷ್ ಪತ್ರ ಮಾತ್ರ ಬಂದಿತ್ತು. ಅದನ್ನು ನಾನು ಆಮೇಲೆ ಓದಿದ್ದೇನೆ: "ಸಾಹೇಬರ ಜೊತೆಗೆ ಕಾಣೆಯಾಗಿದ್ದಾನೆ, ಸತ್ತಿರಬಹುದೆಂದು ಭಾವಿಸಲಾಗಿದೆ."

ಖಾದರ್ ಸಾಹೇಬರಿಗೆ ಈ ಸುದ್ದಿ ಆಸ್ಪರಿ ಸಂತೆಯಲ್ಲಿ ಸಿಕ್ಕಿತು. ಮರುದಿನವೇ ಡಂಗುರ: "ನಮ್ಮ ಸೀಮಿ ಬೀರಪ್ಪ ಹಿಮಾಲಯದ ಮ್ಯಾಲ! ಪರದೆ ಮ್ಯಾಲ ನೋಡ್ರಿ!"

"ಮೂವರಾಗ ಆತ ಯಾರಂತ ಏನು ಸಾಕ್ಷಿ?" ಎಂದೆ.

"ಸಾಕ್ಷಿ ನೋಡಾಕ ಬಂದೋರು ತರ್ತಾರ. ನೀ ಕೋಲು ತೋರಿಸು ಸಾಕು."

ತೋರಿಸಿದೆ. ಗೋದಾಮು ತುಂಬಿತ್ತು. ಗಾಳಿಯಲ್ಲಿ ಹಾರುತ್ತಿದ್ದ ಹತ್ತಿಯ ಎಳೆಗಳು ಮಷಿನ್ನಿನ ಬೆಳಕಿನಲ್ಲಿ ಹಿಮದಂತೆಯೇ ತೇಲುತ್ತಿದ್ದವು. ಒಬ್ಬ ಮುದುಕ ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡಿದ್ದ. ಆ ಮುಸುಕಿನವನು ಕೈ ಎತ್ತಿದಾಗ ಅವನ ಎದೆಗೆ ಕೋಲಿಟ್ಟು, "ಇವನೇ ನೋಡ್ರಿ ನಮ್ಮ ಬೀರಪ್ಪ! ಹೋಗಿ ಬರ್ತೀನಿ ಅಂತ ನಮ್ಮೂರಿಗೆ ಕೈ ಎತ್ತ್ಯಾನ!" ಎಂದು ಕೂಗಿದೆ. ಏಕೆ ಅವನನ್ನೇ ಆರಿಸಿದೆ? ಮುಖ ಮುಚ್ಚಿದ್ದ ಕಾರಣಕ್ಕೇ. ಮುಖ ಕಾಣದವನನ್ನು ಯಾರೂ ಅಲ್ಲ ಎನ್ನಲಾರರು. ನಮ್ಮ ಮೇಷ್ಟರ ಪಾಠ. ಊರೂರು ತಿರುಗಿ ಪುಸ್ತಕದವರನ್ನೂ ಪುರಾಣದವರನ್ನೂ ಅನುಮಾನಿಸುತ್ತಿದ್ದ ನಾನು, ನನ್ನ ಬಾಯಿಂದ ಬಂದ ಈ ಒಂದು ವಾಕ್ಯವನ್ನು ಅನುಮಾನಿಸಲಿಲ್ಲ.

ಮುಂದಿನ ವಾರ ಬೀರಪ್ಪನ ಹೆಂಡತಿ ಈರಮ್ಮ, ಅವನ ತಮ್ಮ ಮಾಳಪ್ಪ ಬಂಡಿ ಕಟ್ಟಿಕೊಂಡು ಬಂದರು. ಅವರ ಮನೆಯ ಸ್ಥಿತಿ ಹೀಗಿತ್ತು. ಮಕ್ಕಳಿಲ್ಲ. ಬೀರಪ್ಪನ ಪಾಲಿನ ಕುರಿಹಿಂಡು ಈರಮ್ಮನ ವಶದಲ್ಲಿತ್ತು. ಬೀರಪ್ಪ ಸತ್ತನೆಂದು ಕುಲದ ಹಿರಿಯರು ಒಪ್ಪಿದರೆ ಅವಳ ಬಳೆ ತೆಗೆಸಿ, ಹಿಂಡನ್ನು ತಮ್ಮನಿಗೆ ಬಿಟ್ಟು, ಅವಳನ್ನು ತವರಿಗೆ ಕಳಿಸುತ್ತಾರೆ. ಒಪ್ಪದಿದ್ದರೆ ಅವಳು ಆ ಮನೆಯ ಸೊಸೆ, ಹಿಂಡಿನ ಒಡತಿ. ಹೆಣ ಸಿಗದಿದ್ದಾಗ ಅವರಲ್ಲಿ ಒಂದೇ ಕಟ್ಟಳೆ: ಕಣ್ಣಾರೆ ಕಂಡವರೊಬ್ಬರು ಬಂದು ಹೇಳಬೇಕು. ಕಚೇರಿಯ ಪತ್ರಕ್ಕೆ ಕಣ್ಣಿಲ್ಲ ಎಂದು ಹಿರಿಯರು ಅದನ್ನು ತಳ್ಳಿಹಾಕಿದ್ದರು. ಈಗ ಸಿನಿಮಾ ಬಂದಿತ್ತು.

ಮಾಳಪ್ಪ ಈಚೆ ಕೂತ, ಈರಮ್ಮ ಆಚೆ. ಆಟ ಮುಗಿಯುತ್ತಲೇ ಮಾಳಪ್ಪ ಎದ್ದು ನಿಂತು ಎಲ್ಲರಿಗೂ ಕೇಳುವಂತೆ, "ಹೌದ್ರಿ, ನಮ್ಮಣ್ಣನ. ಅನುಮಾನ ಇಲ್ಲ. ಕಣ್ಣಾರೆ ಕಂಡಂಗಾತು," ಎಂದು ಹೇಳಿ ಬಂಡಿ ಕಟ್ಟಲು ಹೊರಗೆ ಹೋದ.

ಹೆಂಗಸರೆಲ್ಲ ಹೋದ ಮೇಲೆ ಈರಮ್ಮ ನನ್ನ ಹತ್ತಿರ ಬಂದಳು. ಎತ್ತರದ ಆಳು, ಮೂವತ್ತರೊಳಗಿನ ವಯಸ್ಸು. ಅತ್ತ ಕಣ್ಣು, ಆದರೆ ದನಿಯಲ್ಲಿ ಅಳು ಇಲ್ಲ.

"ಮಾಸ್ತರ, ಆತನ ಹೌದು. ಎಡಗೈ ಎತ್ತಿದ. ನಮ್ಮಾತ ಎಡಚ, ಉಣ್ಣೂದೊಂದು ಬಿಟ್ರ ಎಲ್ಲಾ ಎಡಗೈಲೇ."

"ಎಡಗೈ ಅಲ್ಲಮ್ಮ, ಬಲಗೈ."

"ನಾ ಕುರುಡಿ ಏನ್ರಿ?"

ಮಷಿನ್ನು ಒರೆಸುತ್ತಿದ್ದ ನರಸಿಂಹುಲು ತೆಲುಗಿನಲ್ಲೇ ತಲೆ ಹಾಕಿದ: "ಕಾದಮ್ಮಾ, ಅದಿ ಕುಡಿ ಚೇಯೇ." ಬಲಗೈಯೇ ಎಂದು ತನ್ನ ಬಲಗೈ ಎತ್ತಿಯೂ ತೋರಿಸಿದ.

"ಇಬ್ಬರೂ ಕೂಡಿ ನನ್ನ ಹುಚ್ಚಿ ಮಾಡ್ತೀರೇನು? ಮತ್ತ ತಿರುವ್ರಿ ನೋಡೋಣು," ಎಂದಳು.

ಸೋಲಬಾರದೆಂಬ ಹಟಕ್ಕೆ ನಾನೂ ಒಪ್ಪಿದೆ. ಅವಳು ಆಚೆ ಹೋಗಿ ಕೂತಳು. ಅವಳಿಗೆ ತೋರಿಸಿಕೊಡಲೆಂದು ನಾನೂ ಆಚೆ ಹೋದೆ. ಅಷ್ಟು ವರ್ಷಗಳಲ್ಲಿ ಮೊದಲ ಸಲ. ಮೂವರು ಹಿಮದಲ್ಲಿ ನಡೆದರು, ಒಬ್ಬ ತಿರುಗಿದ, ಎಡಗೈ ಎತ್ತಿದ.

ಈಗ ನೀವು ನಗಬಹುದು. ಬಟ್ಟೆಯ ಹಿಂದಿನಿಂದ ನೋಡಿದರೆ ಎಡ ಬಲ ಅದಲುಬದಲಾಗುತ್ತದೆ ಎಂಬುದು ಮಗುವಿಗೂ ತಿಳಿಯಬೇಕು. ನಮಗೆ ಯಾರಿಗೂ ಹೊಳೆದಿರಲಿಲ್ಲ. "ಬಲಗಡೆ ನಿಂತವಳೇ ರಾಣಿ" ಎಂದು ನಾನು ವರ್ಷಗಟ್ಟಲೆ ಕೂಗಿದಾಗ ಆಚೆಯ ಹೆಂಗಸರಿಗೆ ಬಲಗಡೆ ಕಂಡವಳು ಕಸ ಗುಡಿಸುವ ದಾಸಿ. ಅವರು ಬಿದ್ದು ಬಿದ್ದು ನಗುತ್ತಿದ್ದದ್ದು ನನ್ನ ಹಾಸ್ಯಕ್ಕೆ ಎಂದುಕೊಂಡಿದ್ದೆ.

"ಈರಮ್ಮ, ಒಂದು ಸಲ ಈಚೆ ಬಂದು ನೋಡು," ಎಂದೆ.

ಗಂಡಸರ ಜಾಗ. ಗೋದಾಮಿನಲ್ಲಿ ನಾವು ಮೂವರೇ ಇದ್ದೆವು. ಅವಳು ಬಂದು ನೆಲದ ಮೇಲೆ ಕೂತಳು. ನರಸಿಂಹುಲು ಮತ್ತೆ ತಿರುಗಿಸಿದ. ಮುಸುಕಿನವನು ಬಲಗೈ ಎತ್ತಿದ. ಇನ್ನೊಮ್ಮೆ ಎಂದು ಬೆರಳು ತೋರಿಸಿದಳು. ಇನ್ನೊಮ್ಮೆ ನೋಡಿದಳು.

"ಈತ ಅಲ್ಲ," ಎಂದಳು. ಆಮೇಲೆ, "ಅಂದ್ರ ಇಷ್ಟೊತ್ತು ನಾ ಯಾರ ಗಂಡನ್ನ ನೋಡಿ ಅತ್ತೆ?" ಎಂದಳು.

ನಾನು ಪರದೆಯ ಹೊಲಿಗೆ ನೋಡುತ್ತಾ ನಿಂತೆ.

"ಮಾಸ್ತರ, ನಮ್ಮ ಮಾಳಪ್ಪ ಯಾವ ಕಡಿ ಕುಂತಿದ್ದ?"

"ಈಚೆಗೆ. ಇಲ್ಲೇ."

ಅವಳು ಸೆರಗು ಬಿಗಿದು ಕಟ್ಟಿಕೊಂಡು ಎದ್ದಳು. ಜೊತೆಗೇ ಆಡಿ ಬೆಳೆದ ಅಣ್ಣ ಯಾವ ಕೈಯವನೆಂದು ತಮ್ಮನಿಗೆ ತಿಳಿಯದೇ? ನನ್ನ ಎದೆ ಹಿಗ್ಗಿತು, ಇದನ್ನು ಮುಚ್ಚಿಡುವುದಿಲ್ಲ. ಒಬ್ಬ ಸುಳ್ಳುಗಾರ ಸಿಕ್ಕಿಬಿದ್ದ ಎಂದು ಹಿಗ್ಗಿತು. ಸುಳ್ಳನ್ನು ಮೊದಲು ಹೇಳಿದವನು ಯಾರೆಂಬುದು ಆ ಗಳಿಗೆಯಲ್ಲಿ ನೆನಪಾಗಲಿಲ್ಲ.

ಹಿರಿಯರ ಪಂಚಾಯ್ತಿ ಅವರ ಊರಿನಲ್ಲಿ, ಮುಂಜಾನೆ, ಕುಲಕ್ಕೆಲ್ಲ ಹಿರಿಯನಾದ ಗೌಡಜ್ಜನ ಕಟ್ಟೆಯ ಮೇಲೆ ಸೇರಿತು. ಈರಮ್ಮ ಹೇಳಿಕಳಿಸಿದ್ದಳು, ನಾನು ಹೋದೆ. ಪರದೆಯ ಮೇಲೆ ಕಂಡದ್ದು ಕಣ್ಣಾರೆ ಕಂಡಂತೆಯೋ ಅಲ್ಲವೋ ಎಂಬುದೇ ಮೊದಲ ತಕರಾರು. "ಕನ್ನಡ್ಯಾಗ ಕಂಡ ಮುಖ ನಂದ ಹೌದಲ್ಲ, ಹಂಗ," ಎಂದ ಒಬ್ಬ. "ಕನ್ನಡ್ಯಾಗ ಕಾಣಬೇಕಂದ್ರ ನೀ ಅಲ್ಲೇ ನಿಂತಿರಬೇಕಪಾ. ಇದು ಆತ ಸತ್ತ ಮ್ಯಾಲೂ ಕಾಣ್ತೈತಿ," ಎಂದ ಇನ್ನೊಬ್ಬ. ಚರ್ಚಾಕೂಟದಲ್ಲಿ ಇಷ್ಟು ಒಳ್ಳೆಯ ವಾದ ನಾನು ಕೇಳಿರಲಿಲ್ಲ.

ನನ್ನ ಸರದಿ ಬಂತು. ಎಡಬಲದ ಸಂಗತಿಯನ್ನು ಒಂದು ಒದ್ದೆ ಪಂಚೆ ಹಿಡಿದು, ಇದ್ದಿಲಿನಿಂದ ಒಂದು ಕೈ ಎತ್ತಿದ ಮನುಷ್ಯನ ಆಕಾರ ಬರೆದು ಎರಡೂ ಬದಿಯಿಂದ ತೋರಿಸಿದೆ. ಹಿರಿಯರು ಸುತ್ತಿ ಬಂದು ನೋಡಿ ತಲೆದೂಗಿದರು. ಗೆದ್ದೆ ಎನ್ನುವಷ್ಟರಲ್ಲಿ ಮಾಳಪ್ಪ ಎದ್ದ. ಕಿರುಚಲಿಲ್ಲ, ಜಗಳಕ್ಕೆ ಬರಲಿಲ್ಲ.

"ಮಾಸ್ತರ, ಒಂದ ಮಾತು. ಅಷ್ಟು ಮಂದಿ ಮುಂದ ಆತನ ಎದಿಗೆ ಕೋಲಿಟ್ಟು 'ಇವನೇ ಬೀರಪ್ಪ' ಅಂದವ್ರು ಯಾರು?"

"ನಾನು."

"ಆಗ ಹೇಳಿದ್ದು ಸುಳ್ಳೋ, ಈಗ ಹೇಳೂದು ಸುಳ್ಳೋ?"

ಎಷ್ಟೋ ಎದುರಾಳಿಗಳ ಬಾಯಿ ಮುಚ್ಚಿಸಿದ್ದ ನನ್ನನ್ನು ಒಬ್ಬ ಕುರಿ ಕಾಯುವವನು ಮೂಲೆಗೆ ತಳ್ಳಿದ್ದ. ಎರಡು ದಾರಿ ಇದ್ದವು. ಆಗ ಹಾಗೆ ತೋರಿತು, ಈಗ ಹೀಗೆ ತೋರುತ್ತದೆ ಎಂದು ಜಾರಿಕೊಳ್ಳಬಹುದಿತ್ತು, ಇಲ್ಲವೆ ಒಪ್ಪಿಕೊಳ್ಳಬಹುದಿತ್ತು. ಈರಮ್ಮ ಕಟ್ಟೆಯ ಕೆಳಗೆ ನಿಂತಿದ್ದಳು, ಎರಡೂ ಕೈ ಸೆರಗಿನೊಳಗೆ.

"ಆಗಿನದು ಸುಳ್ಳು," ಎಂದೆ. "ಬೀರಪ್ಪ ಯಾರು, ಹೆಂಗಿದ್ದ, ನನಗ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ."

ನನ್ನ ವೃತ್ತಿಯಲ್ಲಿ ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಯಾರೂ ಚಪ್ಪಲಿ ಹಾಕಿಕೊಂಡು ಎದ್ದು ಹೋಗಲಿಲ್ಲ.

"ಕೇಳಿದ್ರಲ್ರೀ? ಸುಳ್ಳು ಹೇಳಿದ ಬಾಯಿ," ಎಂದ ಮಾಳಪ್ಪ ಹಿರಿಯರ ಕಡೆ ತಿರುಗಿ. "ನಾ ಆಸೆಬುರುಕ ಅಂತ ಎಲ್ಲಾರೂ ಅನ್ಕೊಂಡೀರಿ. ಎರಡು ವರ್ಷ ಆತು, ಎರಡೂ ಹಿಂಡು ನಾನ ಅಡವಿಗೆ ಹೊಡಕೊಂಡು ಹೋಗ್ತೀನಿ. ತೋಳ ಬಂದ್ರ ನಾ ಕಾಯಬೇಕು, ರೋಗ ಬಂದ್ರ ನಾ ನೋಡಬೇಕು. ಅಣ್ಣಗ ಒಂದು ತಿಥಿ ಇಲ್ಲ, ಒಂದು ಎಡಿ ಇಲ್ಲ. ಹಿಂಗ ಎಷ್ಟು ದಿನ ಇರಬೇಕು ಅತ್ತಿಗಿ, ನೀನ ಹೇಳು."

ಈರಮ್ಮ ಅವನ ಮುಖ ನೋಡಿದಳು. "ನೀ ದುಡಿದದ್ದು ಸುಳ್ಳಲ್ಲ ಮಾಳಪ್ಪ," ಎಂದಳು. "ನಿಮ್ಮಣ್ಣಂದು ಯಾವ ಕೈ ಅಂತ ಹೇಳು. ಅಷ್ಟ."

ಅವನು ನೆಲ ನೋಡಿದ. ಅವನು ತಿಳಿದೂ ಸುಳ್ಳು ಹೇಳಿದನೋ, ನನ್ನ ಕೋಲು ಮುಟ್ಟಿದವನನ್ನೇ ಅಣ್ಣನೆಂದು ನಂಬುವಷ್ಟು ದಣಿದಿದ್ದನೋ ಎಂದು ಇವತ್ತಿಗೂ ತೀರ್ಮಾನಕ್ಕೆ ಬರಲಾರೆ. ಮೊದಲನೆಯದೇ ಇರಬೇಕೆಂದು ನನ್ನ ಸ್ವಭಾವ ಹೇಳುತ್ತದೆ. ನನ್ನ ಸ್ವಭಾವಕ್ಕೂ ಈ ವಿಷಯದಲ್ಲಿ ಸ್ವಾರ್ಥವಿದೆ.

ಉಳಿದ ಇಬ್ಬರಲ್ಲಿ ಒಬ್ಬ ಬೀರಪ್ಪ ಇರಬಹುದಲ್ಲ ಎಂದು ಯಾರೋ ಎತ್ತಿದರು. ಗೌಡಜ್ಜ ಎಲೆ ಅಡಿಕೆ ಉಗಿದು ಬಂದು ಹೇಳಿದ: "ಬೆನ್ನು ನೋಡಿ ಬಳಿ ಒಡಿಯಾಕ ಆಗಂಗಿಲ್ಲ. ಕಣ್ಣಾರೆ ಕಂಡಾತ ಒಬ್ಬ ಅದಾನ, ಆ ಚಿತ್ರ ತೆಗೆದ ಸಾಹೇಬ. ಆತನ ಬಾಯಿಂದ ಬರ್ಲಿ. ಅಲ್ಲೀತನಕ ಈಕಿ ಬಳಿ ಇರ್ಲಿ, ಹಿಂಡು ಈಕಿದ ಇರ್ಲಿ. ಕಾಗದ ಈ ಮಾಸ್ತರ ಬರೀಲಿ. ಉತ್ತರ ಬರೂತನಕ ಬರೀತಾನ ಇರ್ಲಿ. ಸುಳ್ಳು ಹೇಳಿದ್ದಕ್ಕ ಅದ ತಪ್ಪು ದಂಡ."

ಹೊಸದಾಗಿ ಸೇರುವವರು ಇದನ್ನು ಓದಿ ಖಾದರ್ ಸಾಹೇಬರನ್ನು ಬೈಯಬಾರದು. ಸಂಗತಿ ತಿಳಿದ ಮೇಲೆ ಅವರು ಹೆಂಗಸರನ್ನೂ ಈಚೆಯೇ, ಒಂದು ಹಗ್ಗ ಕಟ್ಟಿ, ಬೇರೆ ಕೂರಿಸಿದರು. ಆ ಚಿತ್ರವನ್ನು ಮತ್ತೆ ಹಾಕಲಿಲ್ಲ. "ನೀನೂ ಬ್ಯಾಡ ಅನ್ನಬೇಕಿತ್ತು ವಕೀಲ್ ಸಾಬ್, ಬರೇ ಕೇಳೂದಲ್ಲ," ಎಂದರು. ನಾನು ಕೇಳಿದೆನೇ ಹೊರತು ಬೇಡ ಎನ್ನಲಿಲ್ಲ, ಅದು ನಿಜ. ಅನುಮಾನ ಪಡುವುದೇ ಒಂದು ಕೆಲಸವೆಂದು ತಿಳಿದಿದ್ದೆ.

ಪತ್ರ ಬರೆದೆ. ನನ್ನ ಇಂಗ್ಲಿಷಿನ ಶಕ್ತಿಯೆಲ್ಲ ಹಾಕಿ ಹನ್ನೊಂದು ಪ್ರಶ್ನೆ. ಆ ಮೂವರ ಹೆಸರೇನು, ಗಡ್ಡ ಏಕೆ ಬಂದು ಹೋಗುತ್ತದೆ, ಯಾವ ತುಣುಕು ಯಾವ ದಿನದ್ದು, ಆಳುಗಳ ಮನೆಗಳಿಗೆ ಏಕೆ ಹೋಗಲಿಲ್ಲ, ಹೀಗೆ. ಅಂಚೆಗೆ ಹಾಕುವ ಮುಂಚೆ ಈರಮ್ಮನಿಗೆ ಓದಿ ಹೇಳಲು ಹೋದೆ. ಮನೆಯ ಮುಂದೆ ಕೂತು ಉಣ್ಣೆ ನೂಲುತ್ತಿದ್ದಳು. ಕದಿರು ನಿಲ್ಲಿಸದೆ ಎಲ್ಲ ಕೇಳಿದಳು.

"ಇಷ್ಟು ಕೇಳಿದ್ರ ಆತ ಒಂದಕ್ಕೂ ಹೇಳಂಗಿಲ್ಲ ಮಾಸ್ತರ. ನೀವು ಆತನ್ನ ಸೋಲಿಸಾಕ ಕುಂತೀರಿ."

"ಮತ್ತೇನು ಕೇಳಲಿ?"

"ಆ ಮುಸುಕಿನಾತನ ಸುದ್ದಿ ಕೇಳ್ರಿ. ಆತ ನನ್ನ ಗಂಡ ಅಲ್ಲ, ಆದ್ರ ಯಾರದೋ ಗಂಡ. ಆಕಿ ಎಲ್ಲಿ ಅದಾಳೋ, ಆಕಿಗೆ ಇದನ್ನ ಯಾರು ತೋರಿಸ್ತಾರ? ಆಕಿ ಕೇಳಬೇಕಾದ್ದು ನಾನ ಕೇಳ್ತೀನಿ." ಕದಿರು ನಿಂತಿತು. "ಹೋಗಿ ಬರ್ತೀನಿ ಅಂತ ಕೈ ಎತ್ತ್ಯಾನ ಅಂತ ನೀವು ಅಂದ್ರಿ. ಕಾಗದದಾಗ ಹಂಗ ಐತಿ ಅಂದ್ರಿ. ಅಡವ್ಯಾಗ ನಮ್ಮೋರು ಹೊಂಟ್ರ ಸುಮ್ಮನ ಬೆನ್ನು ತಿರುವಿ ಹೋಗ್ತಾರ್ರಿ. ಕೈ ಎತ್ತೂದು ಕರಿಯಾಕ. ಕುರಿ ಕಂದಕದಾಗ ಬಿದ್ರ, ಕಾಲು ಮುರಿದ್ರ, ಒಬ್ಬನ ಕೈಲೆ ಆಗಂಗಿಲ್ಲ ಅಂದ್ರ, ನಿಂತು ಕೈ ಎತ್ತತಾರ, ಬಾ ಅಂತ."

ನಾನು ಬಿಡಲಿಲ್ಲ. "ಆತ ನಿಮ್ಮ ಕಡಿ ಕುರಿಗಾರ ಅಲ್ಲಲ್ಲ ಈರಮ್ಮ. ಆ ಗುಡ್ಡದ ಜನರ ರೂಢಿ ಬ್ಯಾರೆ ಇರಬಹುದು."

"ಅದಕ್ಕ ಕೇಳ್ರಿ ಅಂದೆ. ಹೇಳ್ರಿ ಅನ್ನಲಿಲ್ಲ," ಎಂದಳು. ಆಮೇಲೆ, "ನಿಮ್ಮ ನರಸಿಂಹುಲು ಹಿಡಿಕಿ ತಿರುವಿದಂಗ ಆ ಸಾಹೇಬನೂ ಒಂದು ಹಿಡಿಕಿ ತಿರುವ್ತಿದ್ದನಲ್ರಿ, ಚಿತ್ರ ತೆಗಿಯಾಗ?"

ಹನ್ನೊಂದೂ ಪ್ರಶ್ನೆಗಳನ್ನು ಅವಳ ಒಲೆಗೇ ಕೊಟ್ಟು ಬಂದೆ. ಬೀರಪ್ಪ ಸತ್ತದ್ದನ್ನು ಕಣ್ಣಾರೆ ಕಂಡಿರಾ ಎಂಬ ಹಿರಿಯರ ಮಾತಿನ ಜೊತೆ ಅವಳು ಹೇಳಿದ್ದನ್ನು ಮಾತ್ರ ಬರೆದು, ಚಿತ್ರ ಕಳಿಸಿದ್ದ ಬೊಂಬಾಯಿಯ ಕಂಪನಿಯ ಮೂಲಕ ಆ ಸಾಹೇಬನಿಗೆ ತಲುಪಿಸಬೇಕೆಂದು ಕಳಿಸಿದೆ. ಉತ್ತರವಿಲ್ಲ. ಮತ್ತೆ ಬರೆದೆ. ಯುದ್ಧ ಬಂತು. ಯುದ್ಧದ ನಡುವೆಯೂ ಬರೆದೆ. ಆದೋನಿ ಪೇಟೆಯಲ್ಲಿ ಮಾಳಪ್ಪ ಸಿಕ್ಕಾಗಲೆಲ್ಲ, "ಬಂತೇನ್ರಿ ಮಾಸ್ತರ?" ಎನ್ನುತ್ತಾನೆ, ನಾನು ಅಂಚೆಗೆ ಹಾಕಿಯೇ ಇಲ್ಲ ಎಂದು ಅವನ ಅನುಮಾನ. ಉತ್ತರ ಬಂದರೆ ಈರಮ್ಮನ ಬಳೆ ಹೋಗಬಹುದು, ಬರದಿದ್ದರೆ ಉಳಿಯುತ್ತವೆ. ಆದ್ದರಿಂದ ಅವನ ಅನುಮಾನ ತಪ್ಪೆನ್ನಲಾರೆ. ಇದನ್ನೇ ಒಮ್ಮೆ ಈರಮ್ಮನಿಗೆ ಹೇಳಿ, ನಿಲ್ಲಿಸಿಬಿಡಲೇ ಎಂದು ಕೇಳಿದ್ದೆ. "ಬಳಿ ಹೋದ್ರ ಹೋಗ್ಲಿ. ಕೇಳೂದು ಬಿಡಬ್ಯಾಡ್ರಿ," ಎಂದಳು.

ಹೋದ ತಿಂಗಳು ವ್ಯಾನಿನ ಹೊಸಬನೊಬ್ಬ ಬಂದಿದ್ದ. ಅದೇ ಚಿತ್ರಕ್ಕೆ ಈಗ ಸಂಗೀತ, ಮಾತು ಎರಡೂ ಸೇರಿಸಿ ಮತ್ತೆ ಕಳಿಸುತ್ತಿದ್ದಾರಂತೆ. ಮುಸುಕಿನವನು ತಿರುಗಿದಾಗ ಪಿಟೀಲು ಬರುತ್ತದಂತೆ. ಮಾತಾಡುವ ದನಿ ಚಿತ್ರ ತೆಗೆದ ಆ ಸಾಹೇಬನದೇ ಅಂತೆ, "ಅವರು ವಿದಾಯ ಹೇಳಿದರು" ಎನ್ನುತ್ತಾನಂತೆ. ಹಾಗಾದರೆ ಆತ ಬದುಕಿದ್ದಾನೆ, ಬಾಯಿಯೂ ಇದೆ. ಆದ್ದರಿಂದ ಪತ್ರದಲ್ಲಿದ್ದ ಈರಮ್ಮನ ಆ ಒಂದು ಪ್ರಶ್ನೆಯನ್ನು ಇಲ್ಲಿಯೂ ಬರೆದಿಡುತ್ತೇನೆ:

ಮಹಾಶಯರೇ, ಆ ಮುಸುಕಿನ ಮನುಷ್ಯ ತಿರುಗಿ ನಿಂತು ಕೈ ಎತ್ತಿದಾಗ, ನೀವು ಹಿಡಿಕೆ ತಿರುಗಿಸುವುದನ್ನು ಬಿಟ್ಟು ಅವನ ಕಡೆ ಹೋದಿರೋ, ಅಥವಾ ಆ ರೀಲು ಮುಗಿಯುವವರೆಗೂ ತಿರುಗಿಸುತ್ತಲೇ ಇದ್ದಿರೋ?